ಒಳಗಿನ ಮಾತು, ತರ್ಕದ ಮಾತು

ಹಿಂದೊಂದು ಮಾಘಮಾಸದಲ್ಲಿ ಸಾಸ್ತಾನದ ಕಡೆಯ ವೃದ್ಧ ಕೃಷಿಕರೊಬ್ಬರು ನಮ್ಮ ಬಳಿಗೆ ಬಂದಿದ್ದರು. ಹೊಳೆಯಂಚಿನ ಗದ್ದೆಯೊಂದು ಕ್ರಯಕ್ಕೆ ಬಂದಿತ್ತು. ಬೆಲೆ ಕಡಿಮೆ, ಪತ್ರಗಳು ಸರಿ, ಮಗನ ಲೆಕ್ಕವೂ ಸರಿ. ಆದರೆ ಇವರ ಮನಸ್ಸು ಮಾತ್ರ ಬೇಡವೆನ್ನುತ್ತಿತ್ತು. ಕಾರಣ ಕೇಳಿದರೆ ಉತ್ತರವಿಲ್ಲ. "ಎಂತ ಮಾಡ್ಕ್ ಸ್ವಾಮಿ?" ಎಂದು ಕೈಮುಗಿದರು.

ಕಾರಣ ಹೇಳಲಾಗದ ಅರಿವು ಅರಿವಲ್ಲವೇ? ಇದಕ್ಕೆ ಶಾಸ್ತ್ರಕಾರರು 'ಪ್ರಾತಿಭ ಜ್ಞಾನ'ವೆಂದು ಹೆಸರಿಟ್ಟಿದ್ದಾರೆ. ವೈಶೇಷಿಕ ದರ್ಶನದ ಪ್ರಶಸ್ತಪಾದಾಚಾರ್ಯರು ಕೊಡುವ ಉದಾಹರಣೆ ಬಹು ಸರಳ: ನಾಳೆ ಅಣ್ಣ ಬರುತ್ತಾನೆಂದು ಒಬ್ಬ ಹುಡುಗಿಗೆ ಅವಳ ಹೃದಯವೇ ಹೇಳುತ್ತದೆ. ಋಷಿಗಳಿಗೆ ಹೆಚ್ಚಾಗಿಯೂ ಲೌಕಿಕರಿಗೆ ಯಾವಾಗಲೋ ಒಮ್ಮೆಯೂ ಇದು ಒದಗುತ್ತದೆ ಎನ್ನುತ್ತಾರೆ ಅವರು. 'ಯಾವಾಗಲೋ ಒಮ್ಮೆ' ಎಂಬುದನ್ನು ನಾವೆಲ್ಲ ಗಮನಿಸಬೇಕು. ತರ್ಕದ ದಾರಿ ಬೇರೆ. ಗುಡ್ಡದ ಮೇಲೆ ಹೊಗೆ ಕಂಡು, ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ನಿಯಮವನ್ನು ನೆನೆದು, ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ ಪ್ರಮಾಣ. ಅದರ ಒಂದೊಂದು ಮೆಟ್ಟಿಲನ್ನೂ ಮತ್ತೊಬ್ಬರು ಹತ್ತಿ ಪರೀಕ್ಷಿಸಬಹುದು.

ಸಾಸ್ತಾನದ ನೆರೆಯ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪ್ರಶ್ನಿಸದೆ ಏನನ್ನೂ ಒಪ್ಪಿದವರಲ್ಲ. ಅಂಥವರೇ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ, ವಸ್ತುವನ್ನು ಮುಟ್ಟಿ ಅದರ ಹಿಂದಿನದನ್ನು ಕಾಣುವ ಅಜ್ಜಿಯನ್ನು ಚಿತ್ರಿಸಿದರು. ಆ ಕೃತಿಗೆ 1977ರ ಜ್ಞಾನಪೀಠ ಸಂದಿತು. ಅಜ್ಜಿಯ ಪಕ್ಕದಲ್ಲೇ ಕೇಳಿ ಕೇಳಿ ಕೆದಕುವ ಮೊಮ್ಮಗ ಸುಬ್ಬರಾಯನೂ ಇದ್ದಾನೆ. ಅಜ್ಜಿಯನ್ನು ಹೊಗಳುವವರು ಅವನನ್ನು ಮರೆತುಬಿಡುತ್ತಾರೆ. ಅವನು ಕೇಳದಿದ್ದರೆ ಅಜ್ಜಿಯ ಬಾಯಿಂದ ಎಷ್ಟು ಮಾತು ಹೊರಡುತ್ತಿತ್ತೋ!

ನಾವೂ ಈ ವಿಷಯದಲ್ಲಿ ಎಡವಿದವರೇ. ಕೆಲಸ ಕೇಳಿ ಬಂದ ಯುವಕನೊಬ್ಬನನ್ನು ಕಂಡೊಡನೆ, ಇವನು ತಕ್ಕವನಲ್ಲವೆಂದು ಮನಸ್ಸು ಹೇಳಿತು; ಕಳುಹಿಸಿಬಿಟ್ಟೆವು. ಬಹಳ ದಿನಗಳ ಮೇಲೆ ಹೊಳೆಯಿತು: ಹಿಂದೆ ನಮ್ಮನ್ನು ನೋಯಿಸಿದ ಒಬ್ಬರ ಮುಖಚ್ಛಾಯೆ ಆತನಲ್ಲಿತ್ತು, ಅಷ್ಟೇ. ಪ್ರಾತಿಭವೆಂದು ನಾವು ತಿಳಿದದ್ದು ಹಳೆಯ ಸಿಟ್ಟಾಗಿತ್ತು. ಒಳಗಿನಿಂದ ಬರುವಾಗ ಎರಡಕ್ಕೂ ದನಿ ಒಂದೇ. ಆ ಯುವಕ ಮತ್ತೆ ಬರಲಿಲ್ಲ.

ಆದ್ದರಿಂದ ವೃದ್ಧರಿಗೆ ನಾವು ಕೊಳ್ಳಿರೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಆ ಗದ್ದೆಯ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿ ಎಂದೆವು. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಸಮುದ್ರದ ಭರತದೊಡನೆ ಉಪ್ಪುನೀರು ಒಳಕ್ಕೆ ಏರುವುದನ್ನು ಕರಾವಳಿಯವರು ಬಲ್ಲರು. ಚೈತ್ರದಲ್ಲಿ ಅವರು ಮರಳಿ ಬಂದರು. ನೀರು ಉಪ್ಪಾಗಿತ್ತು. ತಾವು ಚಿಕ್ಕವರಿದ್ದಾಗ ತಂದೆ ಅದೇ ಜಾಗದಲ್ಲಿ ಉಪ್ಪುನೀರು ತಡೆಯಲು ಮಣ್ಣಿನ ದಂಡೆ ಹಾಕುತ್ತಿದ್ದುದು ಆಗ ನೆನಪಾಯಿತಂತೆ. ಗದ್ದೆ ಕೊಳ್ಳಲಿಲ್ಲ. ಮಗನಿಗೂ ಆ ಬಾವಿಯ ಒಂದು ಬೊಗಸೆ ನೀರು ಕುಡಿಸಿಯೇ ಮನೆಗೆ ಕರೆತಂದರಂತೆ.