ವರ್ತಕರಿಗೆ ಹುಟ್ಟು ಹಾಕುವ ವ್ಯಾಯಾಮ: ಇಪ್ಪತ್ತು ನಿಮಿಷದ ಲಾಭ–ನಷ್ಟದ ಲೆಕ್ಕ

ಆಸ್ತಿ–ಹೊಣೆ ಪಟ್ಟಿಯಲ್ಲಿ ಕಟ್ಟಡ, ಯಂತ್ರೋಪಕರಣ, ದಾಸ್ತಾನು, ಬರಬೇಕಾದ ಬಾಕಿ ಎಲ್ಲಕ್ಕೂ ಸ್ಥಾನವಿದೆ. ಅವೆಲ್ಲವನ್ನೂ ನಡೆಸುವ ಮಾಲೀಕನ ದೇಹಕ್ಕೆ ಮಾತ್ರ ಸ್ಥಾನವಿಲ್ಲ. ಲೇತ್ ಯಂತ್ರಕ್ಕೆ ಪ್ರತಿವರ್ಷವೂ ತಪ್ಪದೆ ಸವಕಳಿ ಬರೆಯುವ ಸಣ್ಣ ಕೈಗಾರಿಕೋದ್ಯಮಿಯು ತನ್ನ ಬೆನ್ನು, ಮಂಡಿ ಹಾಗೂ ಹೃದಯದ ಸವಕಳಿಯನ್ನು ಗಮನಿಸುವುದು ಆಸ್ಪತ್ರೆಯ ಬಿಲ್ಲು ಕೈಗೆ ಬಂದ ಮೇಲೆಯೇ. ಏಕಮಾಲೀಕತ್ವದ ವ್ಯವಹಾರದಲ್ಲಿ ಈ ಅಲಕ್ಷ್ಯದ ಬೆಲೆ ಇನ್ನೂ ಹೆಚ್ಚು. ಜಿ.ಎಸ್.ಟಿ. ನೋಂದಣಿ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ, ಸರಬರಾಜುದಾರರು ನೀಡುವ ಉದ್ದರಿ ಎಲ್ಲವೂ ಒಬ್ಬನ ಹೆಸರು ಮತ್ತು ಒಬ್ಬನ ಮಾತಿನ ಮೇಲೆ ನಿಂತಿರುತ್ತವೆ. ಮಾಲೀಕನು ನಿಧನನಾದರೆ, ವ್ಯವಹಾರ ಮುಂದುವರಿಸುವ ವಾರಸುದಾರರು ಹೊಸ ನೋಂದಣಿ ಪಡೆದು, ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು ಪ್ರತ್ಯೇಕ ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕಾಗುತ್ತದೆ. ನೋಂದಣಿ ಮತ್ತೆ ದೊರೆಯಬಹುದು. ಮೂವತ್ತು ವರ್ಷಗಳಲ್ಲಿ ಗಳಿಸಿದ ನಂಬಿಕೆ ಹಾಗೆ ವರ್ಗಾವಣೆಯಾಗುವುದಿಲ್ಲ.

ಇದು ಕೆಲವೇ ಮಂದಿಯ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. 2024ರಲ್ಲಿ ಹೊರಬಂದ ಮತ್ತೊಂದು ಅಧ್ಯಯನದಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಇಲ್ಲ. ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಾಗಲಿ, ಬನಶಂಕರಿಯ ಅಂಗಡಿ ಬೀದಿಗಳಲ್ಲಾಗಲಿ, ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲಾಗಲಿ ಬೆಳಗ್ಗೆ ಷಟರ್ ಎತ್ತಿದವರು ರಾತ್ರಿ ಅದನ್ನು ಎಳೆಯುವವರೆಗೆ ಬಹುತೇಕ ಕುಳಿತೇ ಇರುತ್ತಾರೆ. ಕೆಲವರು ಮುಂಜಾನೆ ಲಾಲ್‌ಬಾಗಿನಲ್ಲಿ ನಡೆಯುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ನಡಿಗೆಯು ಬೆನ್ನು, ಭುಜ ಮತ್ತು ತೋಳುಗಳಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಅದಕ್ಕೆ ಬೇಕಾಗುವ ಸಮಯವೂ ಅಧಿಕ. ಕಡಿಮೆ ಸಮಯದಲ್ಲಿ ಇಡೀ ದೇಹಕ್ಕೆ ಕೆಲಸ ಕೊಡುವ ವ್ಯಾಯಾಮವನ್ನು ಹುಡುಕುವವರು ಗಮನಿಸಬೇಕಾದುದು ದೋಣಿಯ ಹುಟ್ಟು ಹಾಕುವ ಕ್ರಿಯೆ, ಅಂದರೆ ರೋಯಿಂಗ್.

ಕೆರೆಗಳ ಊರಿನಲ್ಲಿ ದೋಣಿ

ಹುಟ್ಟು ಹಾಕುವುದು ಕನ್ನಡ ನಾಡಿಗೆ ಹೊಸತಲ್ಲ. 12ನೇ ಶತಮಾನದ ವಚನಕಾರ ಚೌಡಯ್ಯನವರು ಅಂಬಿಗ ವೃತ್ತಿಯಿಂದಲೇ ಹೆಸರಾದವರು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಜನರು ನದಿ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಆ ಹರಿಗೋಲು ಇಂದಿಗೂ ಹಂಪಿಯ ತುಂಗಭದ್ರೆಯಲ್ಲಿ ತೇಲುತ್ತಿದೆ. ಸ್ಪರ್ಧಾತ್ಮಕ ರೋಯಿಂಗ್ ಮಾತ್ರ ಬ್ರಿಟಿಷರೊಂದಿಗೆ ಬಂದದ್ದು. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರಲ್ಲಿ, ಮದ್ರಾಸ್ ಬೋಟ್ ಕ್ಲಬ್ 1867ರಲ್ಲಿ ಸ್ಥಾಪನೆಯಾದವು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ದಡದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಈ ಕ್ರೀಡೆಯನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಭಾರತದ ಬಹುಪಾಲು ಪದಕಗಳೂ ಸೇನೆಯಿಂದಲೇ ಬಂದಿವೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ಕ್ರೀಡೆಯ ಮೊದಲ ಚಿನ್ನವನ್ನು ದೇಶಕ್ಕೆ ತಂದ ಬಜರಂಗ್ ಲಾಲ್ ತಾಖರ್ ಸೈನಿಕರು.

ದಕ್ಷಿಣ ಬೆಂಗಳೂರಿನ ಹೆಸರುಗಳಲ್ಲಿಯೇ ನೀರಿದೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೊದಲನೆಯದರ ‘ಸಂದ್ರ’ವು ಸಮುದ್ರ, ಅಂದರೆ ದೊಡ್ಡ ಕೆರೆ, ಎರಡನೆಯದು ಹೆಸರಿನಲ್ಲೇ ಕೆರೆ, ಮೂರನೆಯದು ನಗರದ ಬಹುದೊಡ್ಡ ಕೆರೆಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರು. ಹೀಗಿದ್ದರೂ ಇಲ್ಲಿನ ವರ್ತಕರು ಮುಂಜಾನೆ ಎದ್ದು ಕೆರೆಯಲ್ಲಿ ಹುಟ್ಟು ಹಾಕುವಂತಹ ಸ್ಥಿತಿ ಇಲ್ಲ. ಮಡಿವಾಳ ಕೆರೆಯಲ್ಲಿ ಹಿಂದೆ ವಿಹಾರ ದೋಣಿಗಳು ಬಾಡಿಗೆಗೆ ದೊರೆಯುತ್ತಿದ್ದವಾದರೂ, ಅವು ಕುಟುಂಬದ ಸಂಜೆ ವಿನೋದಕ್ಕೆ ಮೀಸಲಾದವು. ರೋಯಿಂಗ್ ದೋಣಿಯ ಸ್ವರೂಪವೇ ಬೇರೆ. ಒಬ್ಬರು ಕೂರುವ ಸ್ಪರ್ಧಾ ದೋಣಿ ಸುಮಾರು 8 ಮೀಟರ್ ಉದ್ದವಿದ್ದು ಕೇವಲ 14 ಕಿಲೋ ತೂಗುತ್ತದೆ. ಒಲಿಂಪಿಕ್ಸ್‌ನಲ್ಲಿ ರೂಢಿಯಲ್ಲಿರುವ ಓಟಕ್ಕೆ 2,000 ಮೀಟರ್ ನೇರ ಜಲಮಾರ್ಗ ಬೇಕು. ಕಳೆಯಿಲ್ಲದ, ಕೊಳಚೆ ಸೇರದ ನೀರು ಬೇಕು. ಮಗುಚಿದರೆ ಈಜಲು ಬರಬೇಕು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಅಂತಹ ಚಿಕ್ಕ ಕೆರೆಗಳು ಹಕ್ಕಿಗಳಿಗೆ ಸೇರಿದವು, ದೋಣಿ ಓಟಕ್ಕಲ್ಲ. ಆದ್ದರಿಂದ ಈ ಭಾಗದ ವರ್ತಕರಿಗೆ ರೋಯಿಂಗ್ ಎಂದರೆ ಪ್ರಾಯೋಗಿಕವಾಗಿ ರೋಯಿಂಗ್ ಯಂತ್ರವೇ.

ಸಣ್ಣ ಉದ್ದಿಮೆಯೊಂದರ ಕೊಡುಗೆ

ಈ ಯಂತ್ರ ಬೆಳೆದ ಬಗೆ ಸಣ್ಣ ತಯಾರಕರಿಗೆ ಆಸಕ್ತಿದಾಯಕವಾದುದು. ಅಮೆರಿಕದ ಡಿಕ್ ಮತ್ತು ಪೀಟ್ ಡ್ರೈಸಿಗಾಕರ್ ಎಂಬ ಸಹೋದರರು ಸ್ವತಃ ರೋಯಿಂಗ್ ಪಟುಗಳು. 1976ರಲ್ಲಿ ಅವರು ಹಗುರವಾದ ಹುಟ್ಟುಗಳನ್ನು ತಯಾರಿಸುವ ಉದ್ದಿಮೆ ಆರಂಭಿಸಿದರು. ಅವರಿದ್ದ ವರ್ಮಾಂಟ್ ರಾಜ್ಯದಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ, ಅಭ್ಯಾಸ ನಿಲ್ಲುತ್ತದೆ. ಈ ಕೊರತೆಯನ್ನು ನೀಗಲು ಅವರು ಸೈಕಲ್ಲೊಂದನ್ನು ನೆಲಕ್ಕೆ ಬಿಗಿದು, ಅದರ ಚೈನನ್ನು ಕೈಯಿಂದ ಎಳೆದು ನೋಡಿದರು. ಆ ಪ್ರಯೋಗದಿಂದ 1981ರಲ್ಲಿ ಸೈಕಲ್ ಚಕ್ರವನ್ನೇ ಬಳಸಿದ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಕಾನ್ಸೆಪ್ಟ್2 ಎಂಬ ಹೆಸರಿನ ಆ ಸಂಸ್ಥೆಯ ಯಂತ್ರಗಳನ್ನು ಇಂದು ಜಗತ್ತಿನಾದ್ಯಂತ ರಾಷ್ಟ್ರೀಯ ತಂಡಗಳೂ ವ್ಯಾಯಾಮಶಾಲೆಗಳೂ ಬಳಸುತ್ತಿವೆ. ತಮ್ಮದೇ ಗ್ರಾಹಕರ ಬಿಡುವಿನ ಋತುವಿನ ತೊಂದರೆಯನ್ನು ಕಂಡುಕೊಂಡದ್ದೇ ಅವರ ಯಶಸ್ಸಿನ ಮೂಲ.

ಮಾರುಕಟ್ಟೆಯಲ್ಲಿ ನಾಲ್ಕು ಬಗೆಯ ಯಂತ್ರಗಳಿವೆ: ಗಾಳಿಯ ಚಕ್ರದವು, ನೀರಿನ ತೊಟ್ಟಿಯವು, ಅಯಸ್ಕಾಂತದವು ಮತ್ತು ಹೈಡ್ರಾಲಿಕ್ ಕೊಳವೆಯವು. ಗಾಳಿ ಮತ್ತು ನೀರಿನ ಯಂತ್ರಗಳಲ್ಲಿ ಜೋರಾಗಿ ಎಳೆದಷ್ಟೂ ತಡೆ ಹೆಚ್ಚುತ್ತದೆ. ಇದು ದೋಣಿಯ ಅನುಭವಕ್ಕೆ ಹತ್ತಿರ. ಅಯಸ್ಕಾಂತದ ಯಂತ್ರಕ್ಕೆ ಸದ್ದು ಕಡಿಮೆ, ಅಪಾರ್ಟ್‌ಮೆಂಟ್‌ಗಳಿಗೆ ಅನುಕೂಲ. ಹೈಡ್ರಾಲಿಕ್ ಯಂತ್ರ ಅಗ್ಗವಾದರೂ ಅದರ ಚಲನೆ ಸಹಜವಾಗಿರುವುದಿಲ್ಲ.

ದೇಹದಲ್ಲಿ ನಡೆಯುವುದೇನು?

ನೋಡುವವರಿಗೆ ರೋಯಿಂಗ್ ಕೈಯ ಕೆಲಸವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಕಾಲಿನ ಕೆಲಸ. ಪಾದಗಳನ್ನು ಪಟ್ಟಿಯಿಂದ ಬಿಗಿದು, ಜಾರುವ ಆಸನದ ಮೇಲೆ ಕುಳಿತು, ಮೊದಲು ಕಾಲುಗಳಿಂದ ಒತ್ತಬೇಕು. ನಂತರ ಸೊಂಟದಿಂದ ಬೆನ್ನನ್ನು ತುಸು ಹಿಂದಕ್ಕೆ ವಾಲಿಸಬೇಕು. ಕೊನೆಯಲ್ಲಿ ಹಿಡಿಯನ್ನು ಪಕ್ಕೆಲುಬಿನ ಕೆಳಭಾಗಕ್ಕೆ ಎಳೆದುಕೊಳ್ಳಬೇಕು. ಮರಳುವಾಗ ಕ್ರಮ ತಿರುಗುಮುರುಗು: ಮೊದಲು ಕೈ, ನಂತರ ಬೆನ್ನು, ಕೊನೆಗೆ ಕಾಲು. ಎಳೆತಕ್ಕೆ ಒಂದು ಪಾಲು ಸಮಯವಾದರೆ ಮರಳಲು ಎರಡು ಪಾಲು. ಬಲದ ಹಂಚಿಕೆಯಲ್ಲಿ ಕಾಲಿಗೆ ಸುಮಾರು ಶೇ. 60, ನಡುವಿಗೆ ಶೇ. 20, ತೋಳಿಗೆ ಶೇ. 20 ಎಂಬುದು ತರಬೇತುದಾರರ ಸ್ಥೂಲ ಲೆಕ್ಕ. ಪಾದ ನೆಲಕ್ಕೆ ಅಪ್ಪಳಿಸದ ಕಾರಣ ಓಟದಲ್ಲಿ ಮಂಡಿಗೆ ಬೀಳುವ ಪೆಟ್ಟು ಇಲ್ಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮದ ಚಟುವಟಿಕೆ ಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲ ವೃದ್ಧಿಸುವ ವ್ಯಾಯಾಮ ಬೇಕು. ಅಭ್ಯಾಸವಾದ ಮೇಲೆ 20 ನಿಮಿಷದಂತೆ ವಾರಕ್ಕೆ ನಾಲ್ಕು ಬಾರಿ ಹುರುಪಿನಿಂದ ಹುಟ್ಟು ಹಾಕಿದರೆ 80 ನಿಮಿಷವಾಗುತ್ತದೆ. ಆದರೆ ರೋಯಿಂಗ್‌ನಲ್ಲಿ ತೋಳಿಗೆ ಎಳೆಯುವ ಕೆಲಸವಿದೆಯೇ ಹೊರತು ತಳ್ಳುವ ಕೆಲಸವಿಲ್ಲ. ನಮ್ಮ ಗರಡಿಮನೆಗಳ ಹಳೆಯ ದಂಡವನ್ನು ವಾರಕ್ಕೆರಡು ದಿನ ಸೇರಿಸಿಕೊಂಡರೆ ಆ ಕೊರತೆ ತುಂಬುತ್ತದೆ.

ವೇಗದ ಲೆಕ್ಕಾಚಾರ

ಲೆಕ್ಕ ಬಲ್ಲ ವರ್ತಕರಿಗೆ ಈ ಯಂತ್ರ ಹಿಡಿಸಲು ಇನ್ನೊಂದು ಕಾರಣವಿದೆ. ಯಂತ್ರದ ಪರದೆಯು 500 ಮೀಟರ್ ಕ್ರಮಿಸಲು ಬೇಕಾಗುವ ಕಾಲವನ್ನು ಪ್ರತಿ ಎಳೆತಕ್ಕೂ ತೋರಿಸುತ್ತದೆ. ನೀರಿನಲ್ಲಿರುವಂತೆ ಇಲ್ಲಿಯೂ ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 500 ಮೀಟರಿಗೆ 2 ನಿಮಿಷ 30 ಸೆಕೆಂಡಿನ ವೇಗಕ್ಕೆ ಸುಮಾರು 104 ವಾಟ್ ಸಾಕು. ಅದೇ ದೂರವನ್ನು 2 ನಿಮಿಷದಲ್ಲಿ ಮುಗಿಸಲು ಸುಮಾರು 203 ವಾಟ್ ಬೇಕು. ಅಂದರೆ ವೇಗದಲ್ಲಿ ಶೇ. 25ರ ಏರಿಕೆಗೆ ಶ್ರಮ ಹೆಚ್ಚುಕಡಿಮೆ ಇಮ್ಮಡಿ. ಮೊದಲ ದಿನವೇ ಪಕ್ಕದ ಯಂತ್ರದ ಯುವಕನೊಡನೆ ಪೈಪೋಟಿಗಿಳಿಯುವ ಐವತ್ತರ ಹರೆಯದವರು ಈ ಅಂಕಿಯನ್ನು ನೆನಪಿಡಬೇಕು. ಸಾಲ ತೆಗೆದು ವ್ಯಾಪಾರವನ್ನು ಒಮ್ಮೆಲೇ ಹಿಗ್ಗಿಸಿದವರು ಪಡುವ ಪಾಡನ್ನೇ ಅವರ ಹೃದಯವೂ ಪಡುತ್ತದೆ.

ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ, ಹೃದ್ರೋಗ ಅಥವಾ ಬೆನ್ನುನೋವು ಇರುವವರು ವೈದ್ಯರನ್ನು ಕಂಡ ಮೇಲೆಯೇ ಆರಂಭಿಸಬೇಕು. ಮೊದಲ ಎರಡು ವಾರ ದಿನ ಬಿಟ್ಟು ದಿನ 8ರಿಂದ 10 ನಿಮಿಷ ಸಾಕು. ನಿಮಿಷಕ್ಕೆ 18ರಿಂದ 22 ಎಳೆತ ಮೀರಬಾರದು; ಎಳೆಯುತ್ತಲೇ ಪಕ್ಕದವರೊಡನೆ ಒಂದು ವಾಕ್ಯ ಆಡಲು ಸಾಧ್ಯವಾಗುವಂತಿರಬೇಕು. ನಂತರ ವಾರಕ್ಕೆ ಎರಡು ಮೂರು ನಿಮಿಷ ಏರಿಸುತ್ತ ಹೋದರೆ ಎರಡು ತಿಂಗಳೊಳಗೆ 20 ನಿಮಿಷ ತಲುಪಬಹುದು. ಉಸಿರು ಬಿಗಿಹಿಡಿಯಬಾರದು, ಬೆನ್ನನ್ನು ಗೂನು ಮಾಡಿ ಎಳೆಯಬಾರದು. ತಡೆಯ ಪ್ರಮಾಣವನ್ನು 10ಕ್ಕೆ ತಿರುಗಿಸಿ ಇಡುವುದು ಹೊಸಬರ ಸಾಮಾನ್ಯ ತಪ್ಪು. 3ರಿಂದ 5ರ ನಡುವೆ ಇದ್ದರೆ ಸಾಕು. ಎದೆಯಲ್ಲಿ ನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಖರ್ಚು ಮತ್ತು ತೆರಿಗೆ

ಜಿಮ್ ಸೇರಬೇಕೋ, ಯಂತ್ರ ಕೊಳ್ಳಬೇಕೋ ಎಂಬುದನ್ನು ಬಳಕೆಯ ಲೆಕ್ಕವೇ ನಿರ್ಧರಿಸುತ್ತದೆ. ಉದಾಹರಣೆಗೆ, ಯಂತ್ರಕ್ಕೆ ತೆರಿಗೆ ಸೇರಿ 1,20,000 ರೂಪಾಯಿ, ಬಾಳಿಕೆ 10 ವರ್ಷ ಎಂದಿಟ್ಟುಕೊಳ್ಳೋಣ. ಮನೆಯ ಇಬ್ಬರು ವರ್ಷಕ್ಕೆ ತಲಾ 200 ಬಾರಿ ಬಳಸಿದರೆ ಒಂದು ಬಾರಿಯ ಖರ್ಚು 30 ರೂಪಾಯಿ. ಒಬ್ಬರೇ ವರ್ಷಕ್ಕೆ 20 ಬಾರಿ ಬಳಸಿ ಉಳಿದ ದಿನ ಅದರ ಮೇಲೆ ಬಟ್ಟೆ ಒಣಹಾಕಿದರೆ ಅದೇ ಖರ್ಚು 600 ರೂಪಾಯಿ. ಆದಕಾರಣ ಮೊದಲು ಮನೆಗೆ ಹತ್ತಿರದ, ರೋಯಿಂಗ್ ಯಂತ್ರವಿರುವ ಜಿಮ್ ಒಂದರಲ್ಲಿ ಮೂರು ತಿಂಗಳು ಅಭ್ಯಾಸ ಮಾಡಿ, ಹಾಜರಿಯನ್ನು ಬರೆದಿಟ್ಟು, ಅನಂತರ ಕೊಳ್ಳುವುದು ವಿವೇಕ. ಯಂತ್ರವು ಸುಮಾರು 8 ಅಡಿ ಉದ್ದದ ಜಾಗ ಬೇಡುತ್ತದೆಂಬುದನ್ನೂ ಮರೆಯಬಾರದು.

ಜಿಮ್ ಸೇವೆಗಳ ಮೇಲಿನ ಜಿ.ಎಸ್.ಟಿ. ದರವನ್ನು 22 ಸೆಪ್ಟೆಂಬರ್ 2025ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿದೆ. ವ್ಯಾಯಾಮ ಉಪಕರಣಗಳಿಗೆ ಆ ರಿಯಾಯಿತಿ ಅನ್ವಯಿಸದು, ಅವು ಶೇ. 18ರ ದರದಲ್ಲಿವೆ. ಕ್ಲಬ್ ಹಾಗೂ ಜಿಮ್ ಸದಸ್ಯತ್ವದ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಲು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಂ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಕಾನೂನಿನ ಪ್ರಕಾರ ನೌಕರರಿಗೆ ಒದಗಿಸಲೇಬೇಕಾದ ಸೌಲಭ್ಯಕ್ಕೆ ಮಾತ್ರ ವಿನಾಯಿತಿ ಇದೆ. ಮಾಲೀಕನ ಸ್ವಂತ ಜಿಮ್ ಶುಲ್ಕವನ್ನಾಗಲಿ, ಮನೆಯಲ್ಲಿಟ್ಟ ಯಂತ್ರದ ಬೆಲೆಯನ್ನಾಗಲಿ ವ್ಯವಹಾರದ ಖರ್ಚಿಗೆ ಬರೆಯುವುದು ಸಲ್ಲದು. ಅದು ಸ್ವಂತ ಹಿಂತೆಗೆತದ ಖಾತೆಗೆ ಸೇರತಕ್ಕದ್ದು. ಕಾರ್ಖಾನೆಯಲ್ಲಿ ಎಲ್ಲ ನೌಕರರ ಬಳಕೆಗೆಂದು ಯಂತ್ರ ಸ್ಥಾಪಿಸಿದರೆ ಸಂಗತಿ ಬೇರೆ. ಅದು ವ್ಯವಹಾರದ ಉದ್ದೇಶಕ್ಕೇ ಬಳಕೆಯಾಗುತ್ತಿದೆ ಎಂಬುದಕ್ಕೆ ಬಿಲ್ಲು ಹಾಗೂ ಬಳಕೆಯ ದಾಖಲೆಗಳನ್ನು ಇಟ್ಟುಕೊಂಡು, ತಮ್ಮ ಲೆಕ್ಕಪರಿಶೋಧಕರ ಸಲಹೆಯಂತೆ ಸ್ಥಿರಾಸ್ತಿಯಾಗಿ ತೋರಿಸಿ ಸವಕಳಿ ಪಡೆಯಬಹುದು.

ಸಂತೋಷವೂ ಒಂದು ಆದಾಯ

ತೆರಿಗೆ ಉಳಿಸಲೆಂದು ಯಾರೂ ವ್ಯಾಯಾಮ ಮಾಡಬೇಕಿಲ್ಲ. ಔಷಧದಂತೆ ಸೇವಿಸಿದ ವ್ಯಾಯಾಮ ಹೆಚ್ಚು ದಿನ ಬಾಳುವುದೂ ಇಲ್ಲ. ರೋಯಿಂಗ್‌ನಲ್ಲಿ ಲಯ ಕೂಡಿಬಂದ ಮೇಲೆ ಚಕ್ರದ ಸದ್ದು, ಉಸಿರು ಮತ್ತು ಎಳೆತ ಒಂದಾಗಿ, ಫೋನು ಕೈಗೆ ಸಿಗದ ಇಪ್ಪತ್ತು ನಿಮಿಷ ದೊರೆಯುತ್ತದೆ; ದಿನವಿಡೀ ಗಿರಾಕಿ, ವಸೂಲಿ, ನೋಟೀಸುಗಳ ನಡುವೆ ಇರುವವರಿಗೆ ಇದು ಅಪರೂಪದ ವಿರಾಮ. ಯಂತ್ರದಲ್ಲಿ ಪಳಗಿದವರು ರಜೆಯಲ್ಲಿ ಕುಟುಂಬದೊಡನೆ ನಿಜವಾದ ನೀರಿಗೂ ಹೋಗಬಹುದು. ಸಾಗರ ತಾಲ್ಲೂಕಿನ ಹೊನ್ನೆಮರಡುವಿನ ಶರಾವತಿ ಹಿನ್ನೀರು, ಕಾವೇರಿ ತೀರದ ಭೀಮೇಶ್ವರಿ ದೋಣಿ ಮತ್ತು ಹರಿಗೋಲಿನ ವಿಹಾರಕ್ಕೆ ಹೆಸರಾದ ತಾಣಗಳು. ಜೀವರಕ್ಷಕ ಕವಚ ಧರಿಸದೆ ಮಾತ್ರ ದೋಣಿ ಏರಬಾರದು.

ಒಬ್ಬೊಬ್ಬರಿಗೆ ಯಂತ್ರ ಕೊಳ್ಳುವುದು ಭಾರವೆನಿಸಿದರೆ ಬಡಾವಣೆಯ ವರ್ತಕರ ಸಂಘಗಳು ತಮ್ಮ ಕಚೇರಿಯ ಒಂದು ಕೋಣೆಯಲ್ಲಿ ಎರಡು ಯಂತ್ರಗಳನ್ನಿಟ್ಟು, ಸದಸ್ಯರಿಗೆ ಬೆಳಗಿನ ಸರದಿ ಗೊತ್ತುಮಾಡಬಹುದು. ಅರ್ಧ ಗಂಟೆಗೆ ಒಂದು ಸರದಿಯಂತೆ ಮುಂಜಾನೆ 6ರಿಂದ 9ರವರೆಗೆ ಎರಡು ಯಂತ್ರಗಳಲ್ಲಿ 12 ಮಂದಿಗೆ ಅವಕಾಶವಾಗುತ್ತದೆ. ದಿನ ಬಿಟ್ಟು ದಿನವಾದರೆ 24 ಮಂದಿಗೆ. ಜೊತೆಗಾರರು ಕಾಯುತ್ತಿದ್ದಾರೆಂಬ ಸಂಕೋಚವೇ ಹಾಜರಿಯನ್ನು ಉಳಿಸುತ್ತದೆ. ಹೊಸ ಆರ್ಥಿಕ ವರ್ಷಕ್ಕೆ ಆಯವ್ಯಯ ಸಿದ್ಧಪಡಿಸುವಾಗ ಸಂಘಗಳು ಈ ಒಂದು ಬಾಬನ್ನು ಚರ್ಚೆಗೆ ತೆಗೆದುಕೊಳ್ಳುವುದು ಒಳಿತು.