ಮಗ್ಗದ ಮನೆಯಿಂದ ಕೊಟ್ಟಿಗೆಯವರೆಗೆ

ಜರಿ ರೇಷ್ಮೆಗಳ ನೆಯ್ಗೆಗೂ ವಜ್ರದ ಸಾಣೆಗೂ ಹೆಸರಾದ ಸೂರತ್, 1907ರಲ್ಲಿ ಸ್ಥಾಪಿತವಾದ ಅಲೆಂಬಿಕ್ ಮೊದಲ್ಗೊಂಡು ಔಷಧೋದ್ಯಮಗಳಿಗೆ ಆಶ್ರಯವಿತ್ತ ವಡೋದರಾ, 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಗಿರಣಿ ತಿರುಗತೊಡಗಿದಂದಿನಿಂದ ಹತ್ತಿಬಟ್ಟೆಯ ಬೀಡೆನಿಸಿದ ಅಹಮದಾಬಾದು, ಗುಜರಾತಿನ ಈ ಮೂರು ನಗರಗಳೂ ವಾಣಿಜ್ಯದಿಂದ ಪ್ರಸಿದ್ಧಿಗೆ ಬಂದಂಥವು. ಆದರೆ ಕೆಲಸಗಾರನ ಮನಸ್ಸನ್ನು ಅರಿಯಹೊರಟ ಮನಶ್ಶಾಸ್ತ್ರವೂ, ದನಕುರಿಗಳ ಹೊಟ್ಟೆಯ ಜಂತುವಿಗೆ ಗಿಡಮೂಲಿಕೆಯ ಮದ್ದನ್ನರಸಿದ ಸಂಶೋಧನೆಯೂ ಒಂದೇ ವಿದ್ಯಾಸಂಸ್ಥೆಯ ಅಧ್ಯಾಪಕವರ್ಗದಲ್ಲಿ ಆಸರೆ ಪಡೆದುದು ಅಹಮದಾಬಾದಿನದೇ ವೈಶಿಷ್ಟ್ಯ. 1961ರಲ್ಲಿ ಆರಂಭವಾದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ, ಎಂದರೆ ಐಐಎಂ, ಆ ವಿದ್ಯಾಕೇಂದ್ರ.

ಈ ಮನಶ್ಶಾಸ್ತ್ರದ ಪೂರ್ವಕಥೆ ಐಐಎಂಗಿಂತ ಹಳೆಯದು. ಗಿರಣಿಯ ಧಣಿ ಕಸ್ತೂರಭಾಯಿ ಲಾಲಭಾಯಿಯವರೂ ತರುಣ ವಿಜ್ಞಾನಿ ವಿಕ್ರಮ ಸಾರಾಭಾಯಿಯವರೂ 1947ರಲ್ಲಿ ಕಟ್ಟಿದ ಜವಳಿ ಸಂಶೋಧನ ಸಂಸ್ಥೆ ‘ಅತಿರಾ’, ನೂಲಿನ ಬಲವನ್ನಳೆಯುವುದರೊಡನೆ ನೂಲುವವರ ಮನೋಧರ್ಮವನ್ನೂ ಅಧ್ಯಯನಕ್ಕೆತ್ತಿಕೊಂಡು, ಕಮಲಾ ಚೌಧರಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗವೊಂದನ್ನು ನಡೆಸಿತು. ಅದೇ ನಗರದ ಕ್ಯಾಲಿಕೊ ಗಿರಣಿಗೆ 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ. ಕೆ. ರೈಸ್ ಬಂದರು. ಅಲ್ಲಿ ಹೊಸದಾಗಿ ಹೂಡಿದ್ದ 224 ಸ್ವಯಂಚಾಲಿತ ಮಗ್ಗಗಳ ಕೆಲಸವನ್ನು 12 ಬಗೆಯ ಉದ್ಯೋಗಗಳಾಗಿ ಒಡೆದು ಹಂಚಿದ್ದರು: ನೇಕಾರನ ಪಾಲಿಗೆ ಸುಮಾರು 30 ಮಗ್ಗ, ಕಂಡಿಕೆ ತುಂಬುವವನಿಗೆ 50, ಕಡಿದ ಹಾಸೆಳೆಗಳನ್ನು ಕೂಡಿಸುವವನಿಗೆ 70. ಹೀಗೆ ಒಬ್ಬೊಬ್ಬನ ಎಲ್ಲೆಯೂ ಬೇರೆಬೇರೆಯಾಗಿ, ಯಾರು ಯಾರ ಜೊತೆಯವರೆಂಬುದೇ ತಿಳಿಯದಂತಾಗಿ, ಯಂತ್ರ ಉತ್ತಮವಾಗಿದ್ದರೂ ಉತ್ಪಾದನೆ ಮೇಲೇರಲಿಲ್ಲ. ಒಂದಷ್ಟು ಮಗ್ಗಗಳ ಸಮಗ್ರ ಹೊಣೆಯನ್ನು ಒಂದು ಚಿಕ್ಕ ತಂಡಕ್ಕೆ ಒಪ್ಪಿಸಬಹುದೆಂದು ರೈಸ್ ಸೂಚಿಸಿದ್ದೇ ತಡ, ಕೆಲಸಗಾರರು ತಾವೇ ತಮ್ಮ ಸಂಗಡಿಗರನ್ನು ಆರಿಸಿಕೊಂಡು ತಂಡಗಳನ್ನು ರಚಿಸಿದರು; ಮೊದಮೊದಲಿನ ಏರುಪೇರುಗಳ ತರುವಾಯ ಉತ್ಪಾದನೆ ಹೆಚ್ಚಿತು, ಬಟ್ಟೆಯ ದೋಷ ಇಳಿಯಿತು.

ಕಮಲಾ ಚೌಧರಿಯವರು ಅತಿರಾದಿಂದ ಐಐಎಂಗೆ ಬಂದು ಅದರ ಆದ್ಯ ಅಧ್ಯಾಪಕರಲ್ಲೊಬ್ಬರಾದರು. ಅನಂತರ ಅಲ್ಲಿಗೆ ಬಂದ ಉದಯ ಪಾರೀಕರು ಉದ್ಯೋಗಸ್ಥನ ಮನಃಕ್ಲೇಶವನ್ನು 10 ವಿಧಗಳಾಗಿ ವಿಂಗಡಿಸಿ, ಅದನ್ನಳೆಯುವ ಪ್ರಶ್ನಾವಳಿಯೊಂದನ್ನು ರಚಿಸಿದರು. ಮನೆಗೂ ಕಚೇರಿಗೂ ನಡುವಣ ಎಳೆದಾಟ, ತನ್ನಿಂದ ಏನನ್ನು ಅಪೇಕ್ಷಿಸುತ್ತಾರೆಂಬುದರ ಅಸ್ಪಷ್ಟತೆ, ಹೊರಲಾರದ ಹೊರೆ, ಇವೇ ಮುಂತಾದುವನ್ನು ಕೆಲಸಗಾರನ ಬಾಯಿಂದಲೇ ಹೊರಡಿಸುವ ಈ ಪ್ರಶ್ನಾವಳಿಯನ್ನು ಭಾರತದ ವಿಶ್ವವಿದ್ಯಾಲಯಗಳ ಸಂಶೋಧಕರು ಇಂದಿಗೂ ಬಳಸುತ್ತಾರೆ.

ಇದೇ ಸಂಸ್ಥೆಯ ಅಧ್ಯಾಪಕರಾದ ಅನಿಲ ಗುಪ್ತರು 1980ರ ದಶಕದ ಕೊನೆಯಲ್ಲಿ ‘ಹನಿ ಬೀ’ ಜಾಲವನ್ನು ಕಟ್ಟಿ, ರೈತರೂ ದನಗಾಹಿಗಳೂ ಬಲ್ಲ ಉಪಾಯಗಳನ್ನು, ಹೇಳಿದವರ ಹೆಸರು ಮರೆಯಾಗದಂತೆ ದಾಖಲಿಸಿ, ಅವರವರ ಭಾಷೆಯಲ್ಲಿಯೇ ಮರಳಿ ಮುಟ್ಟಿಸುವ ನಿಯಮವನ್ನು ಹಾಕಿಕೊಂಡರು. ಅದರ ಬೆನ್ನಿಗೆ 1993ರಲ್ಲಿ ‘ಸೃಷ್ಟಿ’ ಸಂಸ್ಥೆಯೂ 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವೂ ಹುಟ್ಟಿದುವು. ಈ ಜಾಲದ ಗುಜರಾತಿ ಪತ್ರಿಕೆ ‘ಲೋಕ ಸರವಾಣಿ’ಯಾದರೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಟಿ. ಎನ್. ಪ್ರಕಾಶರು ಕನ್ನಡದಲ್ಲಿ ಹೊರತಂದ ಪತ್ರಿಕೆಯ ಹೆಸರು ‘ಹಿತ್ತಲಗಿಡ’.

ಇಂಥ ದಾಖಲೆಗಳಲ್ಲಿ ಜಂತು, ಉಣ್ಣೆ, ಹೇನುಗಳ ಮದ್ದಿಗೆ ವಿಶೇಷವಾದ ಸ್ಥಾನವುಂಟು. ಆಡುಕುರಿಗಳ ನಾಲ್ಕನೆಯ ಜಠರದಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್ ಜಂತು, ಕಣ್ಣಿನ ಒಳರೆಪ್ಪೆಯನ್ನು ಬಿಳಿಚಿಸಿ, ಗದ್ದದ ಕೆಳಗೆ ನೀರುಬಾವು ತಂದು, ಬಡವನ ಬದುಕನ್ನೇ ಅಲುಗಿಸುತ್ತದೆ. ಅಂಗಡಿಯ ಔಷಧಿಗಳನ್ನು ಮತ್ತೆ ಮತ್ತೆ ಕುಡಿಸಿದೆಡೆ ಅವಕ್ಕೆ ಮಣಿಯದ ಜಂತುಗಳೂ ತಲೆಯೆತ್ತಿವೆ. ಮುತ್ತುಗದ ಬೀಜ, ವಾಯುವಿಳಂಗಗಳ ಜಂತುನಾಶಕ ಗುಣವನ್ನು ಆಯುರ್ವೇದವು ಬಹುಕಾಲದಿಂದ ಹೇಳುತ್ತ ಬಂದಿದೆ. ಆದರೆ ಹೇಳಿಕೆಯೇ ಪ್ರಮಾಣವಲ್ಲ; ಮದ್ದು ಕುಡಿಸುವ ಮೊದಲೂ ಅನಂತರವೂ ಒಂದು ಗ್ರಾಂ ಸಗಣಿಯಲ್ಲಿ ಅಥವಾ ಹಿಕ್ಕೆಯಲ್ಲಿ ಜಂತುವಿನ ಮೊಟ್ಟೆಗಳೆಷ್ಟೆಂದು ಸೂಕ್ಷ್ಮದರ್ಶಕದಡಿಯಲ್ಲಿ ಎಣಿಸಿ, ಮದ್ದಿಲ್ಲದ ಪಶುಗಳೊಡನೆ ಹೋಲಿಸಿದ ಮೇಲೆಯೇ ಅದರ ಯೋಗ್ಯತೆ ನಿರ್ಣಯವಾಗಬೇಕು. ಗುಜರಾತಿನ ರೈತರೊಬ್ಬರ ತಿಳಿವಳಿಕೆಯನ್ನು ಮೂಲವಾಗಿಟ್ಟುಕೊಂಡು ಪ್ರತಿಷ್ಠಾನವು ಅಭಿವೃದ್ಧಿಪಡಿಸಿದ ‘ವರ್ಮಿವೆಟ್’ ಎಂಬ ಜಂತುನಾಶಕ ಪೇಟೆಗೆ ಬಂದಿದೆ. ಸಸ್ಯದಿಂದ ಬಂದ ಆರ್ಟೆಮಿಸಿನಿನ್, ಮಣ್ಣಿನ ಸೂಕ್ಷ್ಮಜೀವಿಯಿಂದ ಹೊರಟ ಐವರ್‌ಮೆಕ್ಟಿನ್, ಇವೆರಡರ ಶೋಧಕರಿಗೂ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದುದನ್ನು ನೆನೆದರೆ ಈ ಹಾದಿ ಅಲ್ಪವೆನಿಸದು.

ಮಗ್ಗದ ಮನೆಯ ತಂಡವನ್ನೂ ಕೊಟ್ಟಿಗೆಯ ಮದ್ದನ್ನೂ ಕೂಡಿಸುವ ಸೂತ್ರವೊಂದಿದೆ: ಕೆಲಸದ ಅರಿವು ಮೊದಲು ಇರುವುದು ಕೆಲಸ ಮಾಡುವವನಲ್ಲಿ, ಅದನ್ನು ಕೇಳುವುದೂ ಪರೀಕ್ಷಿಸುವುದೂ ವಿದ್ಯಾಕೇಂದ್ರದ ಕರ್ತವ್ಯ. ಕೇಳುವ ಅಭ್ಯಾಸ ಒಮ್ಮೆಗೇ ಮುಗಿಯತಕ್ಕದ್ದೂ ಅಲ್ಲ. 1970ರಲ್ಲಿ ರೈಸರ ಟ್ಯಾವಿಸ್ಟಾಕ್ ಸಂಸ್ಥೆಯವರೇ ಆದ ಎರಿಕ್ ಮಿಲ್ಲರ್ ಕ್ಯಾಲಿಕೊಗೆ ಬಂದು ನೋಡಿದಾಗ ಒಂದು ಮಗ್ಗದ ಮನೆಯಲ್ಲಿ ತಂಡಗಳು ಹಾಗೆಯೇ ನಿಂತಿದ್ದುವು, ಮಿಕ್ಕೆಡೆಗಳಲ್ಲಿ ಬಹುಮಟ್ಟಿಗೆ ಹಳೆಯ ಪದ್ಧತಿಯೇ ಮರಳಿತ್ತು. ಸಂಶೋಧನೆಯ ಫಲ ಗ್ರಂಥದಲ್ಲಿ ಅಚ್ಚಾದರೆ ಸಾಲದು. ಅದನ್ನು ದಿನದಿನವೂ ನಡೆಸಿಕೊಂಡು ಹೋಗುವವರು ಆಯಾ ಸ್ಥಳದಲ್ಲಿಯೇ ಇರಬೇಕು.