ಎರಡು ವಿದ್ಯಾಲಯ, ಐದು ವರ್ಷ, ಎರಡು ಪದವಿ

ಅಮೆರಿಕದ ಅಟ್ಲಾಂಟ ನಗರದಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಪ್ರಸಿದ್ಧ ವಿದ್ಯಾಸಂಸ್ಥೆಗಳಿವೆ. ಕಪ್ಪು ಜನಾಂಗದ ತರುಣರ ವಿದ್ಯಾಭ್ಯಾಸಕ್ಕೆಂದು 1867ರಲ್ಲಿ ಜನ್ಮತಾಳಿದ ಮೋರ್‌ಹೌಸ್ ಕಾಲೇಜು ಒಂದು. ಮಾರ್ಟಿನ್ ಲೂಥರ್ ಕಿಂಗರು 1948ರಲ್ಲಿ ಪದವೀಧರರಾದುದು ಇಲ್ಲಿಯೇ. 1885ರಲ್ಲಿ ಸ್ಥಾಪಿತವಾಗಿ ಎಂಜಿನಿಯರಿಂಗ್ ಶಿಕ್ಷಣಕ್ಕೆ ಹೆಸರಾದ ಜಾರ್ಜಿಯಾ ಟೆಕ್ ಇನ್ನೊಂದು. ಮೋರ್‌ಹೌಸಿನಲ್ಲಿ ಭೌತಶಾಸ್ತ್ರವನ್ನು ಎಷ್ಟೇ ಚೆನ್ನಾಗಿ ಕಲಿತ ಹುಡುಗನಿಗಾದರೂ 1961ರವರೆಗೆ ಆ ನೆರೆಮನೆಯ ಬಾಗಿಲು ಮುಚ್ಚಿತ್ತು. ಮೈಬಣ್ಣವೊಂದೇ ಅದಕ್ಕೆ ಕಾರಣ.

ಬಾಗಿಲು ತೆರೆದ ಎಂಟು ವರ್ಷಗಳ ಮೇಲೆ, 1969ರಲ್ಲಿ, ಎರಡೂ ಕಡೆಯವರ ನಡುವೆ ಒಂದು ಒಪ್ಪಂದವಾಯಿತು. ವಿದ್ಯಾರ್ಥಿ ಮೂರು ವರ್ಷ ತನ್ನ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೋ ಗಣಿತವನ್ನೋ ಓದುವುದು. ಅನಂತರ ಎರಡು ವರ್ಷ ಎಂಜಿನಿಯರಿಂಗ್ ಕಲಿಯುವುದು. ಕೊನೆಗೆ ಎರಡು ಸಂಸ್ಥೆಗಳಿಂದಲೂ ಒಂದೊಂದು ಪದವಿ ಪಡೆಯುವುದು. ನೆರೆಯ ಸ್ಪೆಲ್ಮನ್ ಮಹಿಳಾ ಕಾಲೇಜಿನ ತರುಣಿಯರಿಗೂ ಈ ದಾರಿ ದೊರೆಯಿತು. ಎಂಜಿನಿಯರಿಂಗ್ ಶಾಲೆ ಕಟ್ಟುವುದೆಂದರೆ ಯಂತ್ರಾಗಾರ, ಪ್ರಯೋಗಶಾಲೆಗಳ ಭಾರಿ ವೆಚ್ಚ. ಸಣ್ಣ ಕಾಲೇಜು ಅದನ್ನು ಹೊರದೆಯೇ ತನ್ನ ಮಕ್ಕಳನ್ನು ಎಂಜಿನಿಯರರನ್ನಾಗಿ ಮಾಡುವ ಉಪಾಯವಿದು. ನ್ಯೂಯಾರ್ಕಿನ ಕೊಲಂಬಿಯಾ ಮೊದಲಾದ ದೊಡ್ಡ ವಿಶ್ವವಿದ್ಯಾನಿಲಯಗಳೂ ದೇಶದ ಅನೇಕ ಸಣ್ಣ ಕಾಲೇಜುಗಳೊಡನೆ ಇಂತಹ ನಂಟನ್ನು ಬೆಳೆಸಿವೆ.

ಎರಡು ಪದವಿಗೆ ಏಳೆಂಟು ವರ್ಷಗಳಾಗಬೇಡವೇ ಎಂದು ಓದುಗರು ಕೇಳಬಹುದು. ಎಂಜಿನಿಯರಿಂಗಿನ ಮೊದಲೆರಡು ವರ್ಷಗಳ ಪಾಠದಲ್ಲಿ ಬಹುಭಾಗ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ. ಅವನ್ನು ಮೊದಲ ಕಾಲೇಜಿನಲ್ಲಿಯೇ ಮುಗಿಸಿದವನು ಮತ್ತೆ ಓದಬೇಕಾಗಿಲ್ಲ. ಎಂಜಿನಿಯರಿಂಗ್ ಶಾಲೆಯಲ್ಲಿ ಗಳಿಸಿದ ಅಂಕಗಳು ಮೊದಲ ಕಾಲೇಜಿಗೆ ಹಿಂದಿರುಗಿ ಅಲ್ಲಿನ ಕೊರತೆಯನ್ನು ತುಂಬುತ್ತವೆ.

ಲೆಕ್ಕ ಸೊಗಸಾಗಿದೆ. ಆದರೆ ಮನುಷ್ಯನ ಮನಸ್ಸು ಲೆಕ್ಕದಂತೆ ನಡೆಯುವುದಿಲ್ಲವಲ್ಲ! ಮೂರು ವರ್ಷ ಒಂದೇ ವಸತಿಗೃಹದಲ್ಲಿ ಕೂಡಿ ಉಂಡು ಬೆಳೆದ ಗೆಳೆಯರು ನಾಲ್ಕನೆಯ ವರ್ಷದ ಕೊನೆಗೆ ನಿಲುವಂಗಿ ತೊಟ್ಟು ಪದವಿ ಸ್ವೀಕರಿಸುವಾಗ, ಇವನು ದೂರದೂರಿನಲ್ಲಿ ಹೊಸ ಮುಖಗಳ ನಡುವೆ ಪರೀಕ್ಷೆಗೆ ಓದುತ್ತಿರುತ್ತಾನೆ. ಕೈಯಲ್ಲಿ ಇನ್ನೂ ಒಂದು ಪದವಿಯೂ ಇಲ್ಲ. ಶುಲ್ಕವೂ ಹೊಸ ಸಂಸ್ಥೆಯದು. ಹಳೆಯ ಕಾಲೇಜು ಕೊಡುತ್ತಿದ್ದ ವಿದ್ಯಾರ್ಥಿವೇತನದಷ್ಟೇ ಅಲ್ಲಿಯೂ ಸಿಕ್ಕೀತೆಂಬ ಭರವಸೆಯಿಲ್ಲ. ಒಪ್ಪಂದವಿದ್ದ ಮಾತ್ರಕ್ಕೆ ಎಲ್ಲೆಡೆಯೂ ಪ್ರವೇಶ ಖಚಿತವೂ ಅಲ್ಲ. ಮೊದಲ ವರ್ಷವೇ ಗಣಿತದ ಮೆಟ್ಟಿಲೊಂದನ್ನು ತಪ್ಪಿಸಿಕೊಂಡವನಿಗೆ ಮೂರನೆಯ ವರ್ಷದಲ್ಲಿ ಹಾದಿ ಮುಚ್ಚಿರುತ್ತದೆ. ಹದಿನೆಂಟರ ಹುಡುಗನಿಂದ ಇಷ್ಟು ದೂರದೃಷ್ಟಿಯನ್ನು ಬಯಸುವುದು ಕಠಿಣವೇ ಸರಿ.

ಗೆಳೆಯರನ್ನು ಅಗಲುವ ಈ ಸಂಕಟಕ್ಕೆ ಡಾರ್ಟ್‌ಮತ್ ಕಾಲೇಜಿನ ಥೇಯರ್ ಎಂಜಿನಿಯರಿಂಗ್ ಶಾಲೆ ಕಂಡುಕೊಂಡ ಪರಿಹಾರ ಜಾಣತನದ್ದು. ಅಲ್ಲಿಗೆ ಬರುವ ಹೊರಗಿನ ವಿದ್ಯಾರ್ಥಿ ಮೂರನೆಯ ವರ್ಷವನ್ನು ಅಲ್ಲಿ ಕಳೆದು, ನಾಲ್ಕನೆಯದಕ್ಕೆ ತನ್ನ ಕಾಲೇಜಿಗೆ ಮರಳಿ, ಗೆಳೆಯರೊಡನೆಯೇ ಪದವಿ ಪಡೆದು, ಐದನೆಯ ವರ್ಷಕ್ಕೆ ಮತ್ತೆ ಥೇಯರಿಗೆ ಹೋಗಬಹುದು. ಕೊಲಂಬಿಯಾದಲ್ಲಿ ನಾಲ್ಕು ವರ್ಷ ಮುಗಿಸಿಯೇ ಎರಡು ವರ್ಷಕ್ಕೆ ಬರುವ ಮಾರ್ಗವೂ ಉಂಟು. ಒಂದು ವರ್ಷ ಹೆಚ್ಚು, ಅದಕ್ಕೆ ತಕ್ಕ ಖರ್ಚು.

ಇಷ್ಟೆಲ್ಲ ಶ್ರಮಪಟ್ಟು ಎರಡನ್ನೂ ಕಲಿಯಬೇಕೇ? ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಒಬ್ಬರಾಗಿ 1956ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜಾನ್ ಬಾರ್ಡೀನರು ಮೊದಲು ವಿದ್ಯುತ್ ಎಂಜಿನಿಯರಿಂಗ್ ಓದಿ ಬಳಿಕ ಭೌತಶಾಸ್ತ್ರಕ್ಕೆ ಬಂದವರು. ಎಲ್ಲರೂ ಬಾರ್ಡೀನರಾಗುವುದಿಲ್ಲ, ನಿಜ.

ನಮ್ಮ ದೇಶದಲ್ಲಿ ಪಿಲಾನಿಯ ಬಿರ್ಲಾ ಸಂಸ್ಥೆ ಭೌತಶಾಸ್ತ್ರದ ಎಂ.ಎಸ್ಸಿ.ಯನ್ನೂ ಬಿ.ಇ.ಯನ್ನೂ ಐದು ವರ್ಷಗಳಲ್ಲಿ ಒಂದೇ ಸೂರಿನಡಿ ಕೊಡುತ್ತದೆ; ಯಾವ ಎಂಜಿನಿಯರಿಂಗ್ ಶಾಖೆಯೆಂಬುದು ಮೊದಲ ವರ್ಷದ ಅಂಕಗಳ ಮೇಲೆ ನಿಂತಿದೆ. ಉಳಿದವರಿಗೆ, ಪಿ.ಯು.ಸಿ.ಯಲ್ಲಿ ಗಣಿತ ಓದಿದ್ದರೆ, ಬಿ.ಎಸ್ಸಿ. ಮುಗಿಸಿ ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ನಿಯಮವಿದೆ. ಮೂರು ಮತ್ತು ಮೂರು, ಒಟ್ಟು ಆರು ವರ್ಷ. ನಡುವೆ ಪದವಿಯೊಂದು ಕೈಯಲ್ಲಿರುತ್ತದೆ. ಗೆಳೆಯರೊಡನೆ ನಿಂತು ತೆಗೆಸಿಕೊಂಡ ಭಾವಚಿತ್ರವೂ ಗೋಡೆಯ ಮೇಲಿರುತ್ತದೆ.